ಮೂವತ್ತರ ಪ್ರಾಯ, ಐದರ ಬುದ್ಧಿ: ಈ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ಬೌದ್ಧಿಕ ವೈಕಲ್ಯವುಳ್ಳ ನಾಯಕನ ಕಾದಂಬರಿಯೊಂದನ್ನು ಓದಿದೆ. ಅವನಿಗೆ ಮೂವತ್ತು ತುಂಬಿದ್ದರೂ ಬುದ್ಧಿ ಐದು ವರ್ಷದ್ದು ಎಂದು ಅದರಲ್ಲಿ ವೈದ್ಯರು ಹೇಳುತ್ತಾರೆ. ಹಾಗಾದರೆ ಇಂಥವರನ್ನು ಮಗುವೆಂದೇ ಕಾಣಬೇಕೇ? (ಕುಮಟಾದ ಓದುಗರೊಬ್ಬರು)

ಉತ್ತರ: ಕೂಡದು. ಶಿರಸಿಯಲ್ಲಿ ನಾಲ್ಕು ಜನ ಸೇರಿ ಪುಸ್ತಕದ ಮಾತೆತ್ತಿದಾಗಲೆಲ್ಲ ಈ ಪ್ರಶ್ನೆಗೆ ಉತ್ತರ ಹೇಳಿ ನನಗೆ ಸಾಕಾಗಿದೆ. ಈ ಸಲ ಬರೆದೇ ಇಡುತ್ತೇನೆ. ಮುಂದೆ ಕೇಳಿದವರ ಕೈಗೆ ಇದನ್ನೇ ಕೊಟ್ಟರಾಯಿತು.

ಪಾಠದಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ, ಅವರಿಗೆ ತಕ್ಕ ಬೋಧನೆ ಒದಗಿಸಲೆಂದು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಪರೀಕ್ಷೆಯನ್ನು ರೂಪಿಸಿದರು. 1908ರಲ್ಲಿ ಅದನ್ನು ಪರಿಷ್ಕರಿಸುವಾಗ ಪ್ರಶ್ನೆಗಳನ್ನು ವಯಸ್ಸಿಗನುಸಾರವಾಗಿ ಜೋಡಿಸಿದರು. ಐದು ವರ್ಷದ ಮಕ್ಕಳು ಸಾಮಾನ್ಯವಾಗಿ ಬಿಡಿಸುವಷ್ಟು ಪ್ರಶ್ನೆಗಳನ್ನು ಒಬ್ಬನು ಬಿಡಿಸಿದನೆಂಬುದಷ್ಟೇ ‘ಐದು ವರ್ಷದ ಬುದ್ಧಿ’ ಎಂಬ ಮಾತಿನ ಅರ್ಥ. ಅದು ಪರೀಕ್ಷೆಯ ಅಂಕ. ಅವನು ಬಾಳಿದ ಉಳಿದ ಇಪ್ಪತ್ತೈದು ವರ್ಷಗಳನ್ನು ಅಳಿಸಿಹಾಕುವ ಅಧಿಕಾರ ಆ ಅಂಕಕ್ಕಿಲ್ಲ.

ನಮ್ಮ ಕೇರಿಯಲ್ಲಿ ಅಂಥವನೊಬ್ಬನಿದ್ದಾನೆ. ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕೆಂದು ಅವನಿಗೆ ತಿಳಿಯದು. ಆದರೆ ಅಡಿಕೆಯ ಮುಂದೆ ಕೂರಿಸಿದರೆ ರಾಶಿ, ಬೆಟ್ಟೆ ಎಂಬ ಎರಡು ಬಗೆಗಳನ್ನು ತಪ್ಪದೆ ಬೇರೆ ಮಾಡುತ್ತಾನೆ. ಅಪ್ಪ ತೀರಿಕೊಂಡ ವರ್ಷ ಮಾರಿಕಾಂಬೆಯ ಜಾತ್ರೆಗೆ ಎಷ್ಟು ಕರೆದರೂ ಬರಲಿಲ್ಲ. ಬರಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಜ್ಜಿ ಹೋದಾಗ ಮನೆಯವರು ನಡೆದುಕೊಂಡ ರೀತಿಯನ್ನು ಅವನು ಕಂಡಿದ್ದ. ಐದು ವರ್ಷದ ಮಗುವಿಗೆ ಹೀಗೆ ನೆನಪಿಟ್ಟು ನಡೆಯಲು ಹಿಂದಿನ ವರ್ಷಗಳೇ ಇರುವುದಿಲ್ಲ. ಇನ್ನು, ಕಾದಂಬರಿಕಾರರಿಗೆ ಬಹಳ ಪ್ರಿಯವಾದ, ಸುಳ್ಳೇ ಅರಿಯದ ‘ದೇವರ ಮಗು’ವನ್ನು ಇವನಲ್ಲಿ ಹುಡುಕಬೇಡಿ: ಕದ್ದು ಕವಳ ಹಾಕಿ, ಕೆಂಪಾದ ತುಟಿಯಲ್ಲೇ ಇಲ್ಲವೆನ್ನುತ್ತಾನೆ.

ಇದು ನನ್ನೊಬ್ಬನ ಹಟವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯು ವೈಕಲ್ಯದ ತೀವ್ರತೆಯನ್ನು ಬುದ್ಧ್ಯಂಕದಿಂದ ಅಲ್ಲ, ದಿನನಿತ್ಯದ ಬದುಕನ್ನು ನಿಭಾಯಿಸುವ ಶಕ್ತಿಯಿಂದ ಅಳೆಯಬೇಕೆನ್ನುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಬೌದ್ಧಿಕ ವೈಕಲ್ಯವನ್ನು ವಿವರಿಸುವಾಗ ತರ್ಕ ಮತ್ತು ಕಲಿಕೆಯ ಜೊತೆಗೆ ದಿನನಿತ್ಯದ ಸಾಮಾಜಿಕ ಕೌಶಲಗಳನ್ನು ಹೆಸರಿಸುತ್ತದೆ. ಊಟ, ಸ್ನಾನಕ್ಕೂ ಇನ್ನೊಬ್ಬರ ನೆರವು ಬೇಕಾದವರು ಇದ್ದಾರೆ, ನಿಜ. ಆದರೆ ಹಾಸಿಗೆ ಹಿಡಿದ ಅಜ್ಜನಿಗೂ ಅದೇ ನೆರವು ಬೇಕು. ಅವರನ್ನು ನಾವು ಮಗುವೆನ್ನುವುದಿಲ್ಲ.

ಮಗುವೆಂದು ಕರೆಯುವುದು ಪ್ರೀತಿಯಿಂದಲೇ ಎಂದು ನೀವು ವಾದಿಸಬಹುದು. ಆ ಪ್ರೀತಿಯಲ್ಲಿಯೇ ನಾವು ಅವನೆದುರಿಗೆ ಕುಳಿತು “ಇವನಿಗೆ ಚಾ ಆಗುತ್ತದೆಯೇ?” ಎಂದು ಅವನ ತಾಯಿಯನ್ನು ಕೇಳುತ್ತೇವೆ. ಮೈ ಬೆಳೆದ ಹುಡುಗಿಗೆ ತನ್ನ ಮೈಯ ವಿಚಾರವನ್ನು, ಯಾರು ಎಲ್ಲಿ ಮುಟ್ಟಬಾರದೆಂಬುದನ್ನು, ಮಗುವಿಗೇಕೆ ಇದೆಲ್ಲ ಎಂದು ಕಲಿಸದೆ ಬಿಡುತ್ತೇವೆ. ನಾಳೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅದನ್ನು ಹೇಳಲು ಅವಳಲ್ಲಿ ಮಾತಿರುವುದಿಲ್ಲ.

ನೀವು ಕೇಳದ ಇನ್ನೊಂದು ಸಂಗತಿ. ಮಗುವೆಂಬ ಈ ಭಾವನೆಯಿಂದಲೇ, ಮಗನಿಗೆ ಎಷ್ಟು ವಯಸ್ಸಾದರೂ ಕಾನೂನಿನ ಪ್ರಕಾರ ತಾವೇ ಪೋಷಕರೆಂದು, ಅಂದರೆ ಅವನ ಪರವಾಗಿ ತೀರ್ಮಾನಿಸುವ ಅಧಿಕಾರವುಳ್ಳವರೆಂದು, ಅನೇಕ ತಂದೆತಾಯಿಗಳು ನಂಬಿದ್ದಾರೆ. ಹದಿನೆಂಟು ತುಂಬಿದೊಡನೆ ಆ ಅಧಿಕಾರ ತಾನಾಗಿ ಮುಗಿಯುತ್ತದೆ. ಆಮೇಲೂ ಪೋಷಕರಾಗಬೇಕೆಂದರೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಅದಕ್ಕಾಗಿ ಕಾರವಾರಕ್ಕೆ ಹೋಗಬೇಕು. ಪೋಷಕರ ಅಗತ್ಯವಿದೆಯೇ, ಇದ್ದರೆ ಯಾವ ಯಾವ ವಿಷಯಕ್ಕೆ ಎಂದು ಆ ಸಮಿತಿ ಮೊದಲು ವಿಚಾರಿಸುತ್ತದೆ. ನೇಮಕಗೊಂಡ ಪೋಷಕರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು, ಆಮೇಲೆ ವರ್ಷವರ್ಷವೂ ಲೆಕ್ಕ ಕೊಡಬೇಕು. ತೋಟದ ಪಾಲು ಅವನ ಹೆಸರಿನಲ್ಲಿದ್ದರೆ ಅದೂ ಆ ಪಟ್ಟಿಯಲ್ಲಿ ಬರಬೇಕು.