ಸೇವಾಸಂಘದ ಹಣ ಮತ್ತು ಆಡಳಿತ: ಲೆಕ್ಕಪತ್ರ ಓದುವವರಿಗೆ ಟಿಪ್ಪಣಿ

ಸ್ಥಳೀಯ ಸೇವಾಸಂಘವೊಂದರ ವಾರ್ಷಿಕ ವರದಿ ಕೈಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಕೊನೆಯ ಸಾಲಿನ ಒಟ್ಟು ಮೊತ್ತದ ಕಡೆಗೆ. ಮೊತ್ತ ದೊಡ್ಡದಿದ್ದರೆ ಸಂಘ ಗಟ್ಟಿಯಾಗಿದೆ ಎಂದೂ ಚಿಕ್ಕದಿದ್ದರೆ ಸೊರಗಿದೆ ಎಂದೂ ತೀರ್ಮಾನಿಸಿಬಿಡುತ್ತೇವೆ. ವ್ಯಾಪಾರದ ಅಂಗಡಿಯ ಮಟ್ಟಿಗೆ ಈ ಓದು ಅಷ್ಟಿಷ್ಟು ನಡೆದೀತು. ಆದರೆ ಜನರ ದೇಣಿಗೆಯಿಂದ ನಡೆಯುವ ಸಂಘದಲ್ಲಿ ಹಣ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಉದ್ದೇಶಕ್ಕೆ ಕಟ್ಟುಬಿದ್ದಿದೆ ಎಂಬುದೇ ಮುಖ್ಯ ಪ್ರಶ್ನೆ. ಆಡಳಿತ ಮಂಡಳಿ, ನಡವಳಿ ಪುಸ್ತಕ, ಲೆಕ್ಕಪರಿಶೋಧನೆ, ಮಹಾಸಭೆ ಎಂಬ ವ್ಯವಸ್ಥೆಯೆಲ್ಲ ಬಹುಮಟ್ಟಿಗೆ ಆ ಕಟ್ಟನ್ನು ಕಾಯುವುದಕ್ಕಾಗಿಯೇ ಇದೆ. ಸಮಾಜಕಾರ್ಯ ಮತ್ತು ವಾಣಿಜ್ಯ ಓದುತ್ತಿರುವ ಸಹಪಾಠಿಗಳಿಗಾಗಿ ಬರೆದ ಈ ಟಿಪ್ಪಣಿ, ದಾವಣಗೆರೆ ಮತ್ತು ಚಿತ್ರದುರ್ಗ ಭಾಗದ ಸಣ್ಣ ಸಂಘಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಒಂದು ಎಳೆಯನ್ನೇ ಹಿಡಿದು ಸಾಗುತ್ತದೆ.

ಕಾನೂನಿನ ಚೌಕಟ್ಟು

ನಮ್ಮ ಜಿಲ್ಲೆಗಳ ಸೇವಾಸಂಸ್ಥೆಗಳು ಸಾಮಾನ್ಯವಾಗಿ ಎರಡು ರೂಪದಲ್ಲಿರುತ್ತವೆ. ಒಂದು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನ್ಯಾಸಪತ್ರ ನೋಂದಾಯಿಸಿಕೊಂಡ ಟ್ರಸ್ಟ್. ಇನ್ನೊಂದು, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಕನಿಷ್ಠ 7 ಜನ ಸೇರಿ ಕಟ್ಟಿದ ಸಂಘ. ಕಂಪನಿ ಕಾಯ್ದೆ 2013ರ 8ನೇ ಕಲಂ ಅಡಿಯಲ್ಲಿ ಲಾಭರಹಿತ ಕಂಪನಿ ಕಟ್ಟಲೂ ಅವಕಾಶವಿದೆ. ಅದು ಇಲ್ಲಿ ನಮಗೆ ಅಷ್ಟಾಗಿ ಬೇಕಿಲ್ಲ.

ಟ್ರಸ್ಟಿನಲ್ಲಿ ಅಧಿಕಾರ ನ್ಯಾಸಧಾರಿಗಳಲ್ಲೇ ನಿಲ್ಲುತ್ತದೆ. ಸಂಘದಲ್ಲಿ ಅದು ಸದಸ್ಯರಿಂದ ಹುಟ್ಟಿ ಕಾರ್ಯಕಾರಿ ಸಮಿತಿಗೆ ಹೋಗುತ್ತದೆ ಮತ್ತು ಪ್ರತಿವರ್ಷ ಮಹಾಸಭೆಯಲ್ಲಿ ಸದಸ್ಯರ ಮುಂದೆ ಮರಳಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ಈ ಕಾರಣಕ್ಕೇ ಸಮುದಾಯದ ಸೇವೆಗೆ ಸಂಘದ ರೂಪವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಮಹಾಸಭೆ ಮುಗಿದ 14 ದಿನಗಳೊಳಗೆ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಮತ್ತು ಲೆಕ್ಕಪತ್ರಗಳನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕೆಂದು ಸಂಘಗಳ ನೋಂದಣಿ ಕಾಯ್ದೆಯ 13ನೇ ಕಲಂ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ನಿರ್ವಹಿಸುವವರು ಸಹಕಾರ ಇಲಾಖೆಯ ಉಪನಿಬಂಧಕರು. ಕಡತ ಹುಡುಕುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ನೋಂದಣಿಯಾದ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳ ಸಂಘಗಳು ಆಗಿನ ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ ಮತ್ತು ಹೊನ್ನಾಳಿಯ ಸಂಘಗಳು ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ಹೀಗಾಗಿ ಹಳೆಯ ಪ್ರಮಾಣಪತ್ರದಲ್ಲಿ ಬೇರೆ ಜಿಲ್ಲೆಯ ಹೆಸರು ಕಂಡರೆ ಅನುಮಾನ ಪಡಬೇಕಿಲ್ಲ.

ಮೂರು ಬಗೆಯ ಹಣ

ಸಂಘದ ಹಣವನ್ನು ಮೂರು ಪಾಲಾಗಿ ನೋಡುವುದನ್ನು ರೂಢಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಮೊದಲನೆಯದು ಸಾಮಾನ್ಯ ನಿಧಿ. ಸದಸ್ಯತ್ವ ಶುಲ್ಕ, ಷರತ್ತಿಲ್ಲದೆ ಬಂದ ದೇಣಿಗೆ, ಉಳಿತಾಯ ಖಾತೆಯ ಬಡ್ಡಿ ಇವೆಲ್ಲ ಇದಕ್ಕೆ ಸೇರುತ್ತವೆ, ಮತ್ತು ಸಂಘದ ಧ್ಯೇಯಗಳ ಮಿತಿಯೊಳಗೆ ಸಮಿತಿ ಇದನ್ನು ತನಗೆ ಸೂಕ್ತ ಕಂಡಂತೆ ಖರ್ಚು ಮಾಡಬಹುದು. ಎರಡನೆಯದು ನಿರ್ದಿಷ್ಟ ಉದ್ದೇಶದ ನಿಧಿ. ವೃದ್ಧರ ಊಟಕ್ಕೆಂದು ಬಂದದ್ದು ವೃದ್ಧರ ಊಟಕ್ಕೇ ಹೋಗಬೇಕು. ಮೂರನೆಯದು ದತ್ತಿನಿಧಿ ಅಥವಾ ಇಡಗಂಟು. ಅದರ ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬಳಕೆಗೆ ಸಿಗುತ್ತದೆ. ಹೆತ್ತವರ ನೆನಪಿಗೆ ಇಷ್ಟು ಸಾವಿರ ರೂಪಾಯಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿ ಜೂನ್‌ನಲ್ಲಿ ಬಡಮಕ್ಕಳಿಗೆ ನೋಟ್‌ಬುಕ್ ಕೊಡಿ ಎನ್ನುವ ಪದ್ಧತಿ ನಮ್ಮ ಕಡೆ ಬಹಳ ಹಿಂದಿನಿಂದ ಇದೆ.

ಒಂದು ಕಲ್ಪಿತ ಸಂಘದ ಅಢಾವೆ ಪತ್ರಿಕೆಯನ್ನು, ಅಂದರೆ ವರ್ಷದ ಕೊನೆಯ ದಿನದ ಆಸ್ತಿ-ಹೊಣೆಗಳ ಪಟ್ಟಿಯನ್ನು ನೋಡೋಣ. ಆಸ್ತಿಯ ಕಡೆ ಒಟ್ಟು 38 ಲಕ್ಷ ರೂಪಾಯಿ ಇದೆ. ಅದರಲ್ಲಿ ಕಟ್ಟಡ 14 ಲಕ್ಷ, ಸವಕಳಿ (ಬಳಕೆಯಿಂದ ಇಳಿದ ಬೆಲೆ) ಕಳೆದು ಆಂಬುಲೆನ್ಸ್ 4 ಲಕ್ಷ, ದತ್ತಿಯ ನಿಶ್ಚಿತ ಠೇವಣಿ 10 ಲಕ್ಷ, ಕಂಪನಿಯೊಂದು ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ವೃದ್ಧರ ಪೌಷ್ಟಿಕ ಆಹಾರಕ್ಕೆಂದು ಕೊಟ್ಟು ಇನ್ನೂ ಖರ್ಚಾಗದೆ ಉಳಿದಿರುವುದು 6 ಲಕ್ಷ, ಉಳಿತಾಯ ಖಾತೆಯಲ್ಲಿರುವ ಬೇರೆ ಹಣ 4 ಲಕ್ಷ. ಕಿರಾಣಿ ಅಂಗಡಿಗೂ ಔಷಧಿ ಅಂಗಡಿಗೂ ಕೊಡಬೇಕಾದ ಬಾಕಿ 1 ಲಕ್ಷ. ಈಗ ಪ್ರಶ್ನೆ: ಸಂಘದ ನರ್ಸ್, ಚಾಲಕ, ಅಡುಗೆಯವರ ಸಂಬಳ, ವಿದ್ಯುತ್ ಬಿಲ್ಲು ಇತ್ಯಾದಿ ಸೇರಿ ತಿಂಗಳಿಗೆ 1.5 ಲಕ್ಷ ಖರ್ಚಿದ್ದರೆ, ಹೊಸ ದೇಣಿಗೆ ನಿಂತುಹೋದಾಗ ಈ ಸಂಘ ಎಷ್ಟು ತಿಂಗಳು ನಡೆಯುತ್ತದೆ? ಕಟ್ಟಡದ ಗೋಡೆಯಿಂದ ಸಂಬಳ ಕೊಡಲು ಬರುವುದಿಲ್ಲ, ದತ್ತಿಯ ಅಸಲು ಮುಟ್ಟುವಂತಿಲ್ಲ, ಊಟದ 6 ಲಕ್ಷ ಊಟಕ್ಕೇ ಮೀಸಲು. ಬಾಕಿ ತೀರಿಸಿದರೆ ಕೈಯಲ್ಲಿ ಉಳಿಯುವುದು 3 ಲಕ್ಷ, ಅಂದರೆ ಎರಡು ತಿಂಗಳ ಉಸಿರು. ಮೂವತ್ತೆಂಟು ಲಕ್ಷದ ಸಂಘ ಎಂದು ಊರೆಲ್ಲ ಹೇಳುತ್ತಿರುವಾಗಲೇ ಖಜಾಂಚಿ ತಿಂಗಳ ಕೊನೆಯಲ್ಲಿ ನಿದ್ದೆಗೆಡುವುದು ಇದೇ ಕಾರಣಕ್ಕೆ.

ಹಣವೆಲ್ಲ ಒಂದೇ ಬ್ಯಾಂಕ್ ಖಾತೆಯಲ್ಲಿದ್ದಾಗ ಈ ಪಾಲುಗಳು ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣುವುದು 10 ಲಕ್ಷದ ಶಿಲ್ಕು ಮಾತ್ರ. ಅದರಲ್ಲಿ 6 ಲಕ್ಷ ಬೇರೆಯವರ ಊಟ ಎಂಬುದು ಲೆಡ್ಜರ್ ತೆರೆದವರಿಗೆ ಮಾತ್ರ ಗೊತ್ತಾಗುತ್ತದೆ. ಸಂಬಳಕ್ಕೆ ಸಾಲದಿದ್ದಾಗ ಅದರಿಂದ ತೆಗೆದು ಮುಂದಿನ ತಿಂಗಳು ತುಂಬಿಸೋಣ ಎಂಬ ಮಾತು ಸಮಿತಿಯಲ್ಲಿ ಬರುವುದು ಸಹಜ. ಯಾರೂ ತಮ್ಮ ಜೇಬಿಗೆ ಹಾಕಿಕೊಂಡಿಲ್ಲ ಎಂಬುದೂ ನಿಜ. ಆದರೂ ಅದು ಕೊಟ್ಟವರೊಂದಿಗಿನ ಒಪ್ಪಂದದ ಉಲ್ಲಂಘನೆಯೇ, ಮತ್ತು ಮುಂದಿನ ತಿಂಗಳು ಬರಬೇಕಾದ ದೇಣಿಗೆ ಬಾರದಿದ್ದರೆ ಹಸಿದು ಕೂರುವವರು ವೃದ್ಧರು. ಆದ್ದರಿಂದ ಪ್ರತಿ ನಿಧಿಗೂ ಲೆಡ್ಜರಿನಲ್ಲಿ ಬೇರೆ ಪುಟ ಇರಲೇಬೇಕು. ದೊಡ್ಡ ಅನುದಾನಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆದರೆ ಇನ್ನೂ ಒಳ್ಳೆಯದು.

ವರದಿಯಲ್ಲಿರುವ ಮೂರು ತಃಖ್ತೆಗಳನ್ನು (ಲೆಕ್ಕದ ಪಟ್ಟಿಗಳನ್ನು) ಬೆರೆಸಿ ಓದುವುದರಿಂದಲೂ ಇಂಥದೇ ತಪ್ಪು ಗ್ರಹಿಕೆ ಹುಟ್ಟುತ್ತದೆ. ಜಮಾ-ಖರ್ಚು ಪಟ್ಟಿಯಲ್ಲಿ ವರ್ಷದೊಳಗೆ ಕೈಗೆ ಬಂದದ್ದು ಮತ್ತು ಕೈಬಿಟ್ಟದ್ದು ಮಾತ್ರ ಇರುತ್ತದೆ. ಮೇಲಿನ 6 ಲಕ್ಷ ಮಾರ್ಚ್ ಕೊನೆಯ ವಾರ ಬಂದಿದ್ದರೆ ಆ ವರ್ಷ ಭಾರಿ ಉಳಿತಾಯ ಆದಂತೆಯೂ, ಮುಂದಿನ ವರ್ಷ ಅದನ್ನು ಖರ್ಚು ಮಾಡಿದಾಗ ಭಾರಿ ಕೊರತೆ ಬಿದ್ದಂತೆಯೂ ಕಾಣುತ್ತದೆ. ಆದಾಯ-ವೆಚ್ಚ ಪಟ್ಟಿ ಆಯಾ ವರ್ಷಕ್ಕೆ ಸಲ್ಲಬೇಕಾದ ಬಾಬ್ತನ್ನು ಆಯಾ ವರ್ಷಕ್ಕೇ ಹಚ್ಚುತ್ತದೆ, ಅಢಾವೆ ಪತ್ರಿಕೆ ಮಾರ್ಚ್ 31ರಂದು ಯಾವ ಹಣ ಯಾವ ನಿಧಿಗೆ ಸೇರಿತ್ತು ಎಂದು ತಿಳಿಸುತ್ತದೆ.

ಕಷ್ಟಕಾಲದ ಮೀಸಲು

ಈ ಭಾಗದ ದೇಣಿಗೆಗೆ ಒಂದು ಹಂಗಾಮಿದೆ. ಮೆಕ್ಕೆಜೋಳ ಮಾರುಕಟ್ಟೆಗೆ ಬಂದಾಗ ದಾವಣಗೆರೆಯ ಮಂಡಿ ವರ್ತಕರ ಕೈಯೂ, ಶೇಂಗಾ ಒಳ್ಳೆಯದಾದಾಗ ಚಳ್ಳಕೆರೆಯ ಎಣ್ಣೆ ಗಿರಣಿಯವರ ಕೈಯೂ ಸಡಿಲವಾಗುತ್ತದೆ. ಮಳೆ ಕೈಕೊಟ್ಟ ವರ್ಷ, ಜಗಳೂರು ಮೊಳಕಾಲ್ಮೂರಿನಂಥ ತಾಲ್ಲೂಕುಗಳಲ್ಲಿ ನೆರವು ಕೇಳಿಕೊಂಡು ಬರುವವರ ಸಂಖ್ಯೆ ಏರುತ್ತದೆ, ಕೊಡುವವರ ಆದಾಯವೂ ಅದೇ ವರ್ಷ ಇಳಿಯುತ್ತದೆ. 2023ರ ಬರದಂಥ ವರ್ಷದಲ್ಲಿ ಬೇಡಿಕೆ ಮತ್ತು ದೇಣಿಗೆ ಹೀಗೆ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಆದ್ದರಿಂದ ಮೂರರಿಂದ ಆರು ತಿಂಗಳ ನಿತ್ಯವೆಚ್ಚಕ್ಕೆ ಸಾಲುವಷ್ಟು ಮೀಸಲನ್ನು ಸಾಮಾನ್ಯ ನಿಧಿಯಲ್ಲಿ ಇಟ್ಟುಕೊಳ್ಳುವುದು ವಿವೇಕ. ಬಡವರಿಗೆ ಕೊಡದೆ ಬ್ಯಾಂಕಿನಲ್ಲಿ ಇಟ್ಟಿದ್ದಾರೆ ಎಂಬ ಆಕ್ಷೇಪ ಮಹಾಸಭೆಯಲ್ಲಿ ಬಂದೇ ಬರುತ್ತದೆ. ಎಷ್ಟು ಮೀಸಲು, ಯಾಕೆ, ಯಾವಾಗ ಬಳಸಬಹುದು ಎಂದು ಮೊದಲೇ ಠರಾವು ಮಾಡಿಕೊಂಡ ಸಮಿತಿ ಅದಕ್ಕೆ ನೇರವಾಗಿ ಉತ್ತರ ಕೊಡಬಲ್ಲದು.

ಆದಾಯ ತೆರಿಗೆಯ ನಿಯಮವೂ ಇಲ್ಲಿ ಎದುರಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 12ಎಬಿ ಕಲಂ ಅಡಿಯಲ್ಲಿ ನೋಂದಣಿ ಪಡೆದ ಸಂಸ್ಥೆ ತನ್ನ ವರ್ಷದ ಆದಾಯದಲ್ಲಿ ಶೇ 85ರಷ್ಟನ್ನು ಧ್ಯೇಯಕ್ಕಾಗಿ ವಿನಿಯೋಗಿಸಬೇಕು. ಶೇ 15ನ್ನು ಉಳಿಸಿಕೊಳ್ಳಬಹುದು. ಆದಾಯ 12 ಲಕ್ಷ ಇದ್ದರೆ 10.20 ಲಕ್ಷ ಖರ್ಚಾಗಬೇಕು, 1.80 ಲಕ್ಷ ಉಳಿಯಬಹುದು. ಅದಕ್ಕಿಂತ ಹೆಚ್ಚು ಕೂಡಿಡಬೇಕಾದರೆ ಯಾವ ನಿರ್ದಿಷ್ಟ ಕೆಲಸಕ್ಕೆ ಎಂದು ತಿಳಿಸಿ ಇಲಾಖೆಗೆ ನಮೂನೆ ಸಲ್ಲಿಸಬೇಕು, ಐದು ವರ್ಷದೊಳಗೆ ಆ ಕೆಲಸ ಮುಗಿಸಬೇಕು. ದಾನಿ ಇಡಗಂಟಿಗೆಂದೇ ಬರೆದುಕೊಟ್ಟ ಹಣ, ಕಾಯ್ದೆ ಸೂಚಿಸಿದ ರೀತಿಯಲ್ಲಿ ಹೂಡಿಕೆಯಾದರೆ, ಈ ಲೆಕ್ಕದಿಂದ ಹೊರಗುಳಿಯುತ್ತದೆ. ಬಾಯಿಮಾತಿನ ದತ್ತಿಯನ್ನು ಪತ್ರದಲ್ಲಿ ಬರೆಸಿಕೊಳ್ಳಿ ಎಂದು ಲೆಕ್ಕಪರಿಶೋಧಕರು ಒತ್ತಾಯಿಸುವುದು ಇದಕ್ಕಾಗಿಯೇ.

ದಾನಿಗೆ ತೆರಿಗೆ ವಿನಾಯಿತಿ ಸಿಗಲು ಸಂಘಕ್ಕೆ 80ಜಿ ಅನುಮೋದನೆ ಇರಬೇಕು. ನಗದಾಗಿ ಕೊಟ್ಟದ್ದು 2,000 ರೂಪಾಯಿ ಮೀರಿದರೆ ವಿನಾಯಿತಿ ಇಲ್ಲ. ಅಕ್ಕಿಯ ಮೂಟೆ, ಬಟ್ಟೆಯಂಥ ವಸ್ತುರೂಪದ ದಾನಕ್ಕೂ ಇಲ್ಲ. ವರ್ಷದ ದಾನಿಗಳ ವಿವರವನ್ನು ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸಿ, 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ಹೆಸರು ವಿಳಾಸ ದಾಖಲಾಗದ ಅನಾಮಧೇಯ ದೇಣಿಗೆ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ 30 ತೆರಿಗೆ ಬೀಳುತ್ತದೆ. ಇಲ್ಲಿ ಹೇಳಿದ ಕಲಂ ಮತ್ತು ನಮೂನೆಗಳೆಲ್ಲ 1961ರ ಕಾಯ್ದೆಗೆ ಸೇರಿದವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿರುವುದರಿಂದ ಪರೀಕ್ಷೆಗೆ ಓದುವವರು ಎರಡನ್ನೂ ಎದುರುಬದುರು ಇಟ್ಟುಕೊಳ್ಳಬೇಕು.

ಸಮಿತಿ ಹೇಗೆ ಕಾಯುತ್ತದೆ

ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಗಳು ಗೌರವಕ್ಕಾಗಿ ಹುಟ್ಟಿದವಲ್ಲ. ಖರ್ಚಿಗೆ ಒಪ್ಪಿಗೆ ಕೊಡುವವರು, ಹಣ ಕೊಡುವವರು, ಅದನ್ನು ಪುಸ್ತಕಕ್ಕೆ ಏರಿಸುವವರು ಒಬ್ಬರೇ ಆಗಬಾರದು ಎಂಬ ತತ್ವ ಅವುಗಳ ಹಿಂದಿದೆ. ಚೆಕ್ಕಿಗೆ ಇಬ್ಬರ ಸಹಿ ಬೇಕೆಂಬ ಬೈಲಾ (ಸಂಘದ ಒಳನಿಯಮ) ಇದ್ದರೂ, ಒಬ್ಬರು ಊರಿಗೆ ಹೋಗುವ ಮೊದಲು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟು ಹೋದರೆ ಆ ಬೈಲಾಕ್ಕೆ ಅರ್ಥವೇ ಉಳಿಯುವುದಿಲ್ಲ. ಮೂವರನ್ನು ಅಧಿಕೃತಗೊಳಿಸಿ ಯಾರಾದರೂ ಇಬ್ಬರ ಸಹಿ ಸಾಕು ಎಂದು ಬ್ಯಾಂಕಿಗೆ ಠರಾವು ಕೊಟ್ಟರೆ ಈ ತೊಂದರೆ ನೀಗುತ್ತದೆ.

ಕಾಗದಗಳನ್ನು ಹತ್ತಿರದಿಂದ ನೋಡುವುದನ್ನು ಕಲಿಯಬೇಕು. ರಸೀದಿ ಪುಸ್ತಕದಲ್ಲಿ ಕ್ರಮಸಂಖ್ಯೆ ಮುದ್ರಿತವಾಗಿರಬೇಕು. ರದ್ದಾದ ರಸೀದಿಯಿದ್ದರೆ ಅದರ ಮೂಲಪ್ರತಿ ಮತ್ತು ನಕಲುಪ್ರತಿ ಎರಡೂ ಪುಸ್ತಕದಲ್ಲೇ ಇದ್ದು ಅಡ್ಡಗೆರೆ ಎಳೆದಿರಬೇಕು. ನಕಲು ಮಾತ್ರ ಉಳಿದು ಮೂಲ ಕಾಣದಿದ್ದರೆ ಕೇಳಬೇಕಾದ ಪ್ರಶ್ನೆ ಇದೆ ಎಂದರ್ಥ. ನಡವಳಿ ಪುಸ್ತಕದಲ್ಲಿ ಕೊನೆಯ ಠರಾವಿಗೂ ಅಧ್ಯಕ್ಷರ ಸಹಿಗೂ ನಡುವೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದರೆ, ಆಮೇಲೆ ಅಲ್ಲಿ ಏನು ಬೇಕಾದರೂ ಸೇರಬಹುದು. ಆ ಜಾಗವನ್ನು ಗೆರೆ ಹೊಡೆದು ಮುಚ್ಚುವುದು ಒಳ್ಳೆಯ ಕಾರ್ಯದರ್ಶಿಯ ಲಕ್ಷಣ. ದೇಣಿಗೆಯಾಗಿ ಬಂದ ಅಕ್ಕಿ, ಬೇಳೆಗೆ ದಾಸ್ತಾನು ಪುಸ್ತಕ ಇರಬೇಕು. ಇದನ್ನು ಸಣ್ಣ ಸಂಘಗಳು ಬಹುಪಾಲು ಕಡೆಗಣಿಸುತ್ತವೆ, ನಿಜವಾಗಿ ಸೋರಿಕೆ ಹೆಚ್ಚಾಗುವುದು ಅಲ್ಲಿಯೇ.

ಸ್ವಹಿತದ ಪ್ರಶ್ನೆ ಇನ್ನೂ ಸೂಕ್ಷ್ಮ. ಸಮಿತಿಯ ಸದಸ್ಯರೊಬ್ಬರದು ಮಂಡಿಪೇಟೆಯಲ್ಲಿ ಅಕ್ಕಿ ಅಂಗಡಿ ಎಂದುಕೊಳ್ಳಿ. ಪಡಿತರ ಕಿಟ್ಟಿಗೆ ಬೇಕಾದ ಅಕ್ಕಿಯನ್ನು ಅವರಿಂದಲೇ ಕೊಳ್ಳುವುದು ನಿಷಿದ್ಧವೇನಲ್ಲ, ಅವರು ಅಸಲು ದರಕ್ಕೆ ಕೊಡುತ್ತಿರಲೂಬಹುದು. ಆದರೆ ಬೇರೆ ಎರಡು ಅಂಗಡಿಗಳ ದರಪಟ್ಟಿ ತರಿಸಿ ಹೋಲಿಸಿರಬೇಕು, ಆ ವಿಷಯ ಚರ್ಚೆಗೆ ಬಂದಾಗ ಅವರು ಸಭೆಯಿಂದ ಹೊರಗಿರಬೇಕು, ಹೊರಗಿದ್ದರು ಎಂಬುದು ನಡವಳಿಯಲ್ಲಿ ದಾಖಲಾಗಿರಬೇಕು. ಪದಾಧಿಕಾರಿಗಳಿಗೆ ಅಥವಾ ಅವರ ಬಂಧುಗಳಿಗೆ ಸಂಸ್ಥೆಯಿಂದ ಅನುಚಿತ ಲಾಭವಾದರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ. ಈ ಎಚ್ಚರವನ್ನು ಸದಸ್ಯರ ಮೇಲಿನ ಅನುಮಾನ ಎಂದು ತಿಳಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಪ್ರಾಮಾಣಿಕ ವ್ಯಾಪಾರಿಯ ಹೆಸರನ್ನು ಉಳಿಸುವ ದಾಖಲೆ.

ಸಂಬಳದ ಖರ್ಚನ್ನು ದಂಡ ಎಂದು ಕಾಣುವ ರೂಢಿಯನ್ನೂ ನಾವು ಬಿಡಬೇಕು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯ ತೊಳೆಯುವ ನರ್ಸಿನ ಸಂಬಳವೇ ಆ ಸೇವೆ; ಅದನ್ನು ಆಡಳಿತ ವೆಚ್ಚಕ್ಕೆ ಸೇರಿಸಿ ಕಡಿಮೆ ಮಾಡಿ ಎನ್ನುವುದು ಲೆಕ್ಕದ ತಪ್ಪೂ ಹೌದು, ಅನ್ಯಾಯವೂ ಹೌದು. ಆದ್ದರಿಂದ ವೆಚ್ಚದ ತಲೆಬರಹಗಳನ್ನು ಸೇವಾವಾರು ವಿಂಗಡಿಸಿ ಓದಬೇಕು.

ಸದಸ್ಯರ ಕೈಯಲ್ಲಿರುವ ದಾರಿಗಳು

ಲೆಕ್ಕಪರಿಶೋಧಕರ ಸಹಿ ಬಿದ್ದಿತು ಎಂದರೆ ಎಲ್ಲವೂ ಸರಿಯಿದೆ ಎಂದಲ್ಲ. ಅವರು ಪುಸ್ತಕ ಮತ್ತು ವೋಚರುಗಳನ್ನು ಪರೀಕ್ಷಿಸುತ್ತಾರೆ. ಕಿಟ್ಟು ನಿಜವಾಗಿ ಅರ್ಹರ ಮನೆ ಸೇರಿತೇ ಎಂದು ತಿಳಿಯುವ ಹೊಣೆ ಸಮಿತಿಯದು, ಅದನ್ನು ಕೇಳುವ ಹಕ್ಕು ಸದಸ್ಯರದು. ಸಭೆಯಲ್ಲಿ ಉತ್ತರ ಸಿಗದಿದ್ದರೆ ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಜನ ಅರ್ಜಿ ಕೊಟ್ಟಾಗ ನೋಂದಣಾಧಿಕಾರಿಗಳು ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಂ ಅಡಿಯಲ್ಲಿ ಸಂಘದ ರಚನೆ, ಕಾರ್ಯವೈಖರಿ ಮತ್ತು ಹಣಕಾಸಿನ ಸ್ಥಿತಿಯ ವಿಚಾರಣೆ ನಡೆಸಬೇಕಾಗುತ್ತದೆ, ತಾವಾಗಿಯೂ ನಡೆಸಬಹುದು. ಇದಕ್ಕೆ ಸದಸ್ಯರ ಪಟ್ಟಿ ಸರಿಯಿರಬೇಕು. ಶುಲ್ಕ ಕಟ್ಟಿದವರ ಹೆಸರು ನವೀಕರಿಸದೆ, ಸ್ಥಾಪಕರ ಏಳೆಂಟು ಹೆಸರುಗಳನ್ನೇ ವರ್ಷಗಟ್ಟಲೆ ಮುಂದುವರಿಸಿದ ಸಂಘದಲ್ಲಿ ಮೂರನೇ ಒಂದು ಭಾಗ ಎಂಬ ಲೆಕ್ಕ ಹಾಕಲಿಕ್ಕೂ ಆಧಾರ ಇರುವುದಿಲ್ಲ.

ಅಭ್ಯಾಸಕ್ಕಾಗಿ ನಿಮ್ಮ ಪರಿಚಯದ ಯಾವುದಾದರೂ ಸಂಘದ ಒಪ್ಪಿಗೆ ಪಡೆದು, ಅದರ ಮೂರು ವರ್ಷದ ಅಢಾವೆ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಪ್ರತಿ ವರ್ಷದ ಒಟ್ಟು ಮೊತ್ತದಿಂದ ಸ್ಥಿರಾಸ್ತಿ, ದತ್ತಿಯ ಠೇವಣಿ, ಖರ್ಚಾಗದ ಅನುದಾನ ಮತ್ತು ಬಾಕಿ ಸಾಲವನ್ನು ಕಳೆದು, ಉಳಿದದ್ದನ್ನು ತಿಂಗಳ ವೆಚ್ಚದಿಂದ ಭಾಗಿಸಿ. ಆಮೇಲೆ ಅದೇ ವರ್ಷಗಳ ಮಹಾಸಭೆಯ ನಡವಳಿಯನ್ನು ತೆರೆದು, ಈ ಅಂಕಿಯ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದ್ದರೇ, ಎತ್ತಿದ್ದರೆ ಖಜಾಂಚಿಯವರು ಕೊಟ್ಟ ಉತ್ತರ ದಾಖಲಾಗಿದೆಯೇ ಎಂದು ನೋಡಿ.