ವೀಣೆ ಕಲಿಯುವವರು ಯಾವ ಪುಸ್ತಕ ಕೊಳ್ಳಬೇಕು?

ಪ್ರಶ್ನೆ: ಮಗಳನ್ನು ವೀಣೆಯ ಪಾಠಕ್ಕೆ ಸೇರಿಸಿದ್ದೇವೆ. ಅಂಗಡಿಯಲ್ಲಿ ಹತ್ತಾರು ಪುಸ್ತಕಗಳಿವೆ. ಹೇಗೂ ದುಡ್ಡು ಕೊಡುವುದರಿಂದ, ಇನ್ನೂರು ಕೃತಿಗಳ ಸ್ವರಪ್ರಸ್ತಾರವಿರುವ, ಎಂದರೆ ಅವುಗಳ ಸ್ವರಗಳನ್ನು ಅಕ್ಷರಗಳಲ್ಲಿ ಬರೆದಿಟ್ಟಿರುವ, ದೊಡ್ಡ ಪುಸ್ತಕವನ್ನೇ ಕೊಂಡರೆ ಮುಂದಕ್ಕೂ ಆಗುವುದಿಲ್ಲವೇ?

ಉತ್ತರ: ವಿಜಯದಶಮಿಗೆ ಹೊಸ ಮಕ್ಕಳು ಪಾಠಕ್ಕೆ ಸೇರುತ್ತಾರೆ, ಅದಾದ ವಾರದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ವರ್ಷಗಳಿಂದ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ದಣಿದಿದ್ದೇನೆ. ಆದ್ದರಿಂದ ಈ ಬಾರಿ ಬರೆದೇ ಇಡುತ್ತಿದ್ದೇನೆ.

ಮೊದಲು ನೇರವಾದ ಉತ್ತರ. ದೊಡ್ಡ ಪುಸ್ತಕ ಈಗ ಬೇಡ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಅಲಂಕಾರ, ಪಿಳ್ಳಾರಿ ಗೀತೆ, ಸಂಚಾರಿ ಗೀತೆ, ಒಂದೆರಡು ಸ್ವರಜತಿ, ನಾಲ್ಕೈದು ವರ್ಣ ಇಷ್ಟಿರುವ ತೆಳುವಾದ ಪುಸ್ತಕ ಸಾಕು. ಅದರಲ್ಲಿಯೂ ನಿಮ್ಮ ಮಗಳ ಗುರುಗಳು ಯಾವುದನ್ನು ಮುಂದಿಟ್ಟುಕೊಂಡು ಪಾಠ ಹೇಳುತ್ತಾರೋ ಅದನ್ನೇ ಕೊಳ್ಳಿ, ಏಕೆಂದರೆ ಒಂದೇ ವರ್ಣಕ್ಕೆ ಎರಡು ಪುಸ್ತಕಗಳಲ್ಲಿ ಎರಡು ಪಾಠಾಂತರಗಳಿರುವುದು ಸಾಮಾನ್ಯ, ಮತ್ತು ಎಳೆಯ ಮಗುವಿಗೆ ಅದು ಗೊಂದಲವನ್ನಲ್ಲದೆ ಬೇರೇನನ್ನೂ ಕೊಡುವುದಿಲ್ಲ.

ನಿಮ್ಮ ಪ್ರಶ್ನೆಯ ಒಳಗೆ ಒಂದು ನಂಬಿಕೆ ಅಡಗಿದೆ. ಸ್ವರಪ್ರಸ್ತಾರ ಕೈಯಲ್ಲಿದ್ದರೆ ಕೃತಿಯೇ ಕೈಗೆ ಬಂದಂತೆ, ಸ ರಿ ಗ ಮ ಎಲ್ಲಿದೆಯೆಂದು ಗೊತ್ತಿರುವವರು ಓದಿಕೊಂಡು ನುಡಿಸಬಹುದು ಎಂಬ ನಂಬಿಕೆ ಅದು. ಎಷ್ಟು ಸಾರಿ ಬಿಡಿಸಿ ಹೇಳಿದರೂ ಇದು ಹೋಗುವುದಿಲ್ಲ. ವಿದ್ಯಾವಂತರಲ್ಲಿಯೇ ಇದು ಹೆಚ್ಚು ಗಟ್ಟಿಯಾಗಿರುವುದನ್ನು ಕಂಡಿದ್ದೇನೆ, ಏಕೆಂದರೆ ಅಚ್ಚಾದದ್ದನ್ನು ಓದಿ ಕಲಿತೇ ಅವರು ಜೀವನದಲ್ಲಿ ಮೇಲೆ ಬಂದಿರುತ್ತಾರೆ.

ಒಂದು ಉದಾಹರಣೆಯನ್ನು ತಾಳ್ಮೆಯಿಂದ ನೋಡಿ. ಆರಭಿ ಮತ್ತು ದೇವಗಾಂಧಾರಿ ಎಂಬ ಎರಡು ರಾಗಗಳಿವೆ. ಎರಡೂ 29ನೆಯ ಮೇಳವಾದ, ಎಂದರೆ ಜನಕ ರಾಗವಾದ, ಧೀರಶಂಕರಾಭರಣದಲ್ಲಿ ಹುಟ್ಟಿದವು. ಎರಡಕ್ಕೂ ಪುಸ್ತಕದಲ್ಲಿ ಕಾಣುವ ಆರೋಹಣ (ಸ್ವರಗಳ ಏರಿಕೆ) ಸ ರಿ ಮ ಪ ದ ಸ, ಅವರೋಹಣ (ಇಳಿಕೆ) ಸ ನಿ ದ ಪ ಮ ಗ ರಿ ಸ. ಅಚ್ಚಿನಲ್ಲಿ ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ. ಆದರೆ ಆರಭಿ ನೇರವಾಗಿ, ಚುರುಕಾಗಿ ನಡೆಯುತ್ತದೆ. ಅದರ ಗಾಂಧಾರ, ನಿಷಾದಗಳು ಮುಟ್ಟಿಯೂ ಮುಟ್ಟದಂತೆ ಸರಿದು ಹೋಗುತ್ತವೆ. ದೇವಗಾಂಧಾರಿಯದು ನಿಧಾನವಾದ ನಡೆ. ಅದರ ರಿಷಭವನ್ನು ನೀಳವಾಗಿ ಹಿಡಿದು ತೂಗಬೇಕು. ಹಿಂದೊಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ದಪ್ಪ ಪುಸ್ತಕವೊಂದನ್ನು ನೋಡಿ ತ್ಯಾಗರಾಜರ ‘ಕ್ಷೀರಸಾಗರ ಶಯನ’ವನ್ನು ತಾನೇ ಕಲಿತು ಬಂದು ನುಡಿಸಿದಳು. ಒಂದು ಸ್ವರವೂ ತಪ್ಪಿರಲಿಲ್ಲ, ತಾಳವೂ ಸರಿಯಾಗಿತ್ತು. ಕೇಳಿಸಿದ್ದು ಮಾತ್ರ ಆರಭಿ. ಆ ಕೃತಿಯಾದರೋ ದೇವಗಾಂಧಾರಿಯದು. ಅವಳು ಪುಸ್ತಕದಲ್ಲಿದ್ದುದನ್ನು ಇದ್ದಂತೆಯೇ ನುಡಿಸಿದ್ದಳು, ಆ ಪುಟಗಳಲ್ಲಿ ರಾಗವೇ ಇರಲಿಲ್ಲ. ಆ ಹುಡುಗಿಯ ಮುಖ ಸಣ್ಣದಾದದ್ದು ಇಂದಿಗೂ ನೆನಪಿದೆ. ಕಲಿತದ್ದನ್ನು ಬಿಡಿಸಲು ನಮಗೆ ಮೂರು ತಿಂಗಳು ಹಿಡಿಯಿತು, ಹೊಸದಾಗಿ ಹೇಳಿಕೊಟ್ಟಿದ್ದರೆ ಮೂರು ವಾರ ಸಾಕಾಗುತ್ತಿತ್ತು.

ತೋಡಿಯನ್ನೇ ತೆಗೆದುಕೊಳ್ಳಿ. ಪುಸ್ತಕ ‘ಗ’ ಎಂದು ಬರೆದು ಸುಮ್ಮನಾಗುತ್ತದೆ. ವೀಣೆಯಲ್ಲಿ ಸಾಧಾರಣ ಗಾಂಧಾರದ ಮೆಟ್ಟಿಲ ಮೇಲೆ ಬೆರಳಿಟ್ಟು ಸುಮ್ಮನೆ ಮೀಟಿದರೆ ಅದು ತೋಡಿಯ ಗಾಂಧಾರವಾಗುವುದಿಲ್ಲ. ಆ ಗಾಂಧಾರ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುವ ಒಂದು ಚಲನೆ. ತಂತಿಯನ್ನು ಎಷ್ಟು ಎಳೆಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದು ಗುರುಗಳ ಬೆರಳನ್ನು ಕಣ್ಣಿನಿಂದಲೂ ಅವರ ನಾದವನ್ನು ಕಿವಿಯಿಂದಲೂ ಹಿಡಿದಾಗ ಮಾತ್ರ ಬರುವ ವಿದ್ಯೆ. ಭೈರವಿಯಲ್ಲಿ ಎರಡು ಧೈವತಗಳು ಬರುತ್ತವೆ; ಎಷ್ಟೋ ಪುಸ್ತಕಗಳು ಎರಡಕ್ಕೂ ಬರಿಯ ‘ದ’ ಎಂದೇ ಅಚ್ಚು ಹಾಕುತ್ತವೆ.

ಸ್ವರವನ್ನು ಹೀಗೆ ತೂಗಿಸಿ, ಜಾರಿಸಿ ನುಡಿಸುವ ಬಗೆಗಳಾದ ಗಮಕಗಳನ್ನು ಅಚ್ಚಿಗೆ ತರುವ ಪ್ರಯತ್ನವನ್ನು ಯಾರೂ ಮಾಡಿಲ್ಲವೆಂದಲ್ಲ. ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಹೊರತಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಒಂದೊಂದು ಬಗೆಯ ಗಮಕಕ್ಕೂ ಪ್ರತ್ಯೇಕ ಚಿಹ್ನೆಯಿದೆ. ತೆಲುಗಿನಲ್ಲಿರುವ ಆ ಗ್ರಂಥದ ಮುಂದೆ ನಾನು ಇಂದಿಗೂ ಕೈಮುಗಿಯುತ್ತೇನೆ. ಆದರೆ ಆ ಚಿಹ್ನೆಗಳು ಮಾತನಾಡುವುದು ರಾಗವನ್ನು ಆಗಲೇ ಕೇಳಿ ಬಲ್ಲವರೊಂದಿಗೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪುಸ್ತಕಗಳಲ್ಲಿ ಆ ಚಿಹ್ನೆಗಳೂ ಇರುವುದಿಲ್ಲ. ಕಲಿತ ಪಾಠವನ್ನು ಮರೆಯದಂತೆ ಕಾಯುವುದೇ ಪುಸ್ತಕದ ಕೆಲಸ, ಮತ್ತು ಆ ಕೆಲಸಕ್ಕೆ ಅದು ನಿಜವಾಗಿಯೂ ಬೇಕು.

ಬೇಕೆಂದ ಮೇಲೆ ಒಳ್ಳೆಯದನ್ನೇ ಆರಿಸಿ. ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದಾದ ಒಂದು ಉಪಾಯವಿದೆ. ‘ಶ್ರೀ ಗಣನಾಥ’ ಗೀತೆಯ ಪುಟವನ್ನು ತೆರೆಯಿರಿ. ಅದು ಮಲಹರಿ ರಾಗ. ಆ ರಾಗದಲ್ಲಿ ನಿಷಾದವೇ ಇಲ್ಲ. ಪುಟದಲ್ಲಿ ಎಲ್ಲಿಯಾದರೂ ‘ನಿ’ ಕಂಡರೆ ಪುಸ್ತಕವನ್ನು ಅಲ್ಲಿಯೇ ಮುಚ್ಚಿಡಿ. ಮೊದಲ ಸಾಲು ‘ಮ ಪ ದ ಸ ಸ ರಿ’ ಎಂದು ಆರಂಭವಾಗುತ್ತದೆ. ಇಲ್ಲಿನ ಎರಡು ಷಡ್ಜಗಳೂ (ಸ) ರಿಷಭವೂ (ರಿ) ತಾರಸ್ಥಾಯಿಯವು, ಎಂದರೆ ಮೇಲಿನ ಸ್ಥಾಯಿಯವು, ಆದ್ದರಿಂದ ಮೂರರ ತಲೆಯ ಮೇಲೂ ಚುಕ್ಕೆ ಇರಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವಾಗ ಮೊದಲು ಕಳೆದುಹೋಗುವುದು ಈ ಚುಕ್ಕೆಗಳೇ. ಈ ಗೀತೆ ರೂಪಕತಾಳದ್ದು. ಅದರ ಒಂದು ಆವರ್ತಕ್ಕೆ, ಎಂದರೆ ಒಂದು ಸುತ್ತಿಗೆ, ಆರು ಅಕ್ಷರಕಾಲ. ಎರಡು ಆವರ್ತಗಳನ್ನು ಎಣಿಸಿ ನೋಡಿ. ಮೊದಲ ಗೀತೆಯಲ್ಲಿಯೇ ಎಚ್ಚರ ತಪ್ಪಿದವರು ದೀರ್ಘವಾದ ಅಟತಾಳದ ವರ್ಣದಲ್ಲಿ ಎಚ್ಚರದಿಂದ ಇರುತ್ತಾರೆಂದು ನಂಬಲು ಕಾರಣವಿಲ್ಲ.

ಕಟ್ಟನ್ನೂ ನೋಡಿ. ವೀಣೆಯ ಮುಂದೆ ಕುಳಿತವರ ಎರಡು ಕೈಗಳಿಗೂ ಕೆಲಸವಿರುತ್ತದೆ, ಪುಸ್ತಕ ನೆಲದ ಮೇಲೆ ತಾನಾಗಿಯೇ ತೆರೆದುಕೊಂಡಿರಬೇಕು. ಅಂಟು ಹಾಕಿದ ಪುಸ್ತಕ ಪದೇ ಪದೇ ಮುಚ್ಚಿಕೊಳ್ಳುತ್ತದೆ, ದಾರದಿಂದ ಹೊಲಿದದ್ದು ಮಲಗುತ್ತದೆ.

ಪಿಟೀಲಿನವರಿಗೆ ಒಂದೇ ಮಾತು. ಪಾಶ್ಚಾತ್ಯ ಪಿಟೀಲು ಪುಸ್ತಕಗಳು ತಂತಿಗಳನ್ನು ಜಿ, ಡಿ, ಎ, ಇ ಎಂದು ಶ್ರುತಿ ಮಾಡಿರುವುದಾಗಿ ಭಾವಿಸಿ ಬರೆದವು. ನಮ್ಮದು ಸ ಪ ಸ ಪ. ಕೂರುವ ಭಂಗಿಯೂ ಬೇರೆ. ಆದ್ದರಿಂದ ಅಲ್ಲಿನ ಬೆರಳಿನ ಪಾಠಗಳನ್ನು ಇಲ್ಲಿಗೆ ತರಬೇಡಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕೆನಿಸುತ್ತದೆ. ನುಡಿಸುವವರಿಗೆ ಸಾಹಿತ್ಯವೇಕೆ, ಸ್ವರವೊಂದೇ ಇದ್ದರೆ ಸಾಲದೇ ಎಂದು ಭಾವಿಸಿ ಹಲವರು ಸಾಹಿತ್ಯವನ್ನು ಪುಟದ ಕೊನೆಯಲ್ಲಿ ಒಟ್ಟಾಗಿ ಕೊಡುವ ಪುಸ್ತಕಗಳನ್ನು ತರುತ್ತಾರೆ. ವೀಣೆಗೆ ಅದು ಸಾಲದು. ಪ್ರತಿಯೊಂದು ಸ್ವರದ ಕೆಳಗೆ ಅದರ ಅಕ್ಷರ ಇರಲೇಬೇಕು, ಏಕೆಂದರೆ ನಮ್ಮ ವೈಣಿಕ ಸಂಪ್ರದಾಯದಲ್ಲಿ ಬಲಗೈಯ ಮೀಟು ಸಾಹಿತ್ಯದ ಅಕ್ಷರವನ್ನು ಅನುಸರಿಸುತ್ತದೆ. ಆ ‘ಶ್ರೀ ಗಣನಾಥ’ ಗೀತೆಯಲ್ಲಿಯೇ ‘ಶ್ರೀ’ ಎಂಬ ಒಂದು ಅಕ್ಷರ ಮಧ್ಯಮ, ಪಂಚಮ ಎರಡರ ಮೇಲೂ ಚಾಚಿಕೊಂಡಿದೆ. ಆರಂಭದಲ್ಲಿ ಮಗು ಎರಡನ್ನೂ ಮೀಟಿ ಅಭ್ಯಾಸ ಮಾಡುತ್ತದೆ. ಕೈ ಪಳಗಿದ ಮೇಲೆ ಮಧ್ಯಮವನ್ನು ಮಾತ್ರ ಮೀಟಿ, ಆ ನಾದ ಆರುವ ಮೊದಲೇ ಎಡಗೈಯ ಬೆರಳನ್ನು ಪಂಚಮದ ಮೆಟ್ಟಿಲಿಗೆ ಸರಿಸಬೇಕು. ಆಗ ವೀಣೆ ‘ಶ್ರೀ’ ಎನ್ನುತ್ತದೆ. ಮಕ್ಕಳು ಅದನ್ನು ಮೊದಲ ಸಲ ತಮ್ಮ ಕೈಯಿಂದಲೇ ಕೇಳಿದಾಗ ಒಂದು ಕ್ಷಣ ಸುಮ್ಮನಾಗಿ, ಹೇಳದೆಯೇ ಇನ್ನೊಮ್ಮೆ ನುಡಿಸುತ್ತಾರೆ.