ಪದ ಪರಿಚಯ: ಇನ್‌ಕ್ವೆಸ್ಟ್

1900ರಿಂದ 1930ರ ನಡುವಿನ ಇಂಗ್ಲೆಂಡಿನಲ್ಲಿ ನಡೆಯುವ ಯಾವ ಕೊಲೆ ಪತ್ತೇದಾರಿ ಕಾದಂಬರಿ ಹಿಡಿದರೂ, ಹೆಣ ಸಿಕ್ಕ ಎರಡು ಮೂರು ದಿನಕ್ಕೆ ಒಂದು ಇನ್‌ಕ್ವೆಸ್ಟ್, ಅಂದರೆ ಸಾವು ಹೇಗಾಯಿತೆಂದು ತಿಳಿಯುವ ಸಭೆ, ಬಂದೇ ಬರುತ್ತದೆ. ಊರ ಶಾಲೆಯಲ್ಲೋ ಪಬ್ಬಿನ ದೊಡ್ಡ ಕೋಣೆಯಲ್ಲೋ ಜನ ಸೇರುತ್ತಾರೆ. ಕರೋನರ್ ಎಂಬ ಅಧಿಕಾರಿ ಪ್ರಶ್ನೆ ಕೇಳುತ್ತಾನೆ. ಊರಿನವರೇ ಕೂತ ಜ್ಯೂರಿ ಕೊನೆಗೆ ತೀರ್ಪು ಹೇಳುತ್ತದೆ. ಇದನ್ನು ಕೋರ್ಟಿನ ವಿಚಾರಣೆ ಎಂದುಕೊಂಡು ಓದುವವರಿದ್ದಾರೆ. ನಮ್ಮ ಪೊಲೀಸರ ಶವ ಮಹಜರಿನಂಥದ್ದೇ ಇರಬೇಕು ಎಂದುಕೊಳ್ಳುವವರೂ ಇದ್ದಾರೆ. ಎರಡೂ ಸರಿಯಲ್ಲ. ಹಾಗೆ ಓದಿದರೆ ಕಥೆಯ ಅರ್ಧ ಸುಳಿವು ಕೈತಪ್ಪುತ್ತದೆ.

ಮೊದಲು ಮಹಜರಿನ ಗೊಂದಲ ಬಗೆಹರಿಸೋಣ. ಕರ್ನಾಟಕದಲ್ಲಿ ಅಸಹಜ ಸಾವಾದರೆ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ. ಪೊಲೀಸ್ ಅಧಿಕಾರಿ ಸ್ಥಳಕ್ಕೆ ಬಂದು, ಪಂಚರ ಎದುರು ದೇಹ ನೋಡಿ, ಗಾಯಗಳನ್ನು ಬರೆದುಕೊಂಡು ವರದಿ ಮಾಡುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹೇಳುವುದು ಇದನ್ನೇ. ಇದನ್ನೂ ಇನ್‌ಕ್ವೆಸ್ಟ್ ಎಂದು ಕರೆಯುವುದರಿಂದ ಗೊಂದಲ. ಇಂಗ್ಲೆಂಡಿನ ಇನ್‌ಕ್ವೆಸ್ಟ್ ನಡೆಸುವವರು ಪೊಲೀಸರಲ್ಲ. ಅದು ಬಾಗಿಲು ತೆರೆದು, ಪತ್ರಕರ್ತರನ್ನು ಕೂರಿಸಿಕೊಂಡು ನಡೆಯುವ ಬಹಿರಂಗ ಸಭೆ. ಅಂಥ ಕರೋನರ್ ಹುದ್ದೆ ಭಾರತದಲ್ಲೂ ಇತ್ತು. 1871ರ ಕಾಯ್ದೆಯಡಿ ಕಲ್ಕತ್ತ ಮತ್ತು ಬೊಂಬಾಯಿ ನಗರಗಳಲ್ಲಿ.

ಇನ್‌ಕ್ವೆಸ್ಟ್ ಎಂದರೆ ಮೂಲದಲ್ಲಿ ವಿಚಾರಿಸಿ ತಿಳಿಯುವುದು, ಅಷ್ಟೇ. ಕರೋನರ್ ಎಂಬ ಹೆಸರು ಲ್ಯಾಟಿನ್ನಿನ ಕಿರೀಟ ಎಂಬ ಪದದಿಂದ ಬಂದದ್ದು. 1194ರಿಂದ ದಾಖಲೆಯಲ್ಲಿರುವ ರಾಜಪ್ರತಿನಿಧಿಯ ಹುದ್ದೆ ಅದು. ಸಭೆ ಕೇಳುವ ಪ್ರಶ್ನೆ ನಾಲ್ಕೇ: ಸತ್ತವರು ಯಾರು, ಯಾವಾಗ ಸತ್ತರು, ಎಲ್ಲಿ ಸತ್ತರು, ಹೇಗೆ ಸತ್ತರು. ಇಲ್ಲಿ ಆರೋಪಿ ಇಲ್ಲ, ಸರ್ಕಾರಿ ವಕೀಲ ಇಲ್ಲ, ವಾದ ಪ್ರತಿವಾದವೂ ಇಲ್ಲ. ಕರೋನರ್ ತಾನೇ ಸಾಕ್ಷಿಗಳಿಗೆ ಪ್ರಮಾಣ ಮಾಡಿಸಿ, ಪ್ರಶ್ನಿಸಿ, ಹೇಳಿಕೆ ಬರೆದುಕೊಂಡು ಸಹಿ ಹಾಕಿಸುತ್ತಾನೆ. ಜ್ಯೂರಿಯವರೂ ಎದ್ದು ಪ್ರಶ್ನೆ ಕೇಳಬಹುದು. ಕೋರ್ಟಿನಲ್ಲಿ ತಳ್ಳಿಹಾಕುವ ಕೇಳಿದ ಮಾತಿಗೂ ಇಲ್ಲಿ ಜಾಗವುಂಟು. ಮನೆಗೆಲಸದ ಹೆಂಗಸು 'ಯಜಮಾನಿ ಹೀಗಂದಿದ್ದರು' ಎಂದು ಹೇಳುವ ದೃಶ್ಯ ಇನ್‌ಕ್ವೆಸ್ಟಿನಲ್ಲೇ ಬರುವುದು ಈ ಕಾರಣಕ್ಕೆ.

1887ರ ಕರೋನರ್ಸ್ ಕಾಯ್ದೆಯ ಪ್ರಕಾರ ಜ್ಯೂರಿಯಲ್ಲಿ 12ರಿಂದ 23 ಜನ ಇರಬೇಕಿತ್ತು, ಕನಿಷ್ಠ 12 ಜನ ಒಪ್ಪಿದರೆ ತೀರ್ಪು. ಅವರೆಲ್ಲ ಹೆಣವನ್ನು ಕಣ್ಣಾರೆ ನೋಡುವುದು ಕಡ್ಡಾಯವಾಗಿತ್ತು. ಹಳ್ಳಿಗಳಲ್ಲಿ ಪಬ್ಬಿನಲ್ಲಿ ಸಭೆ ಸೇರುತ್ತಿದ್ದುದಕ್ಕೆ ಇದೂ ಒಂದು ಕಾರಣ: ಹಲವು ಜನ ಕೂರಲು ಜಾಗ, ಹಿಂದಿನ ಕೊಟ್ಟಿಗೆಯಲ್ಲಿ ಹೆಣ ಇಡಲು ಅನುಕೂಲ. ಬೇರೆ ಸೂಕ್ತ ಜಾಗ ಇದ್ದಲ್ಲಿ ಪಬ್ಬಿನಲ್ಲಿ ಕೂಡದು ಎಂದು 1902ರ ಲೈಸೆನ್ಸಿಂಗ್ ಕಾಯ್ದೆ ಹೇಳಿದ ಮೇಲೆ ಶಾಲೆ, ಸಭಾಭವನಗಳಿಗೆ ಕೆಲಸ ಬಂತು.

ಇನ್ನು ವೈದ್ಯರ ವಿಷಯ. ಸಾಕ್ಷಿ ಹೇಳಲು ಬಂದ ವೈದ್ಯರಿಗೆ ಒಂದು ಗಿನಿ, ಅಂದರೆ 21 ಶಿಲಿಂಗ್. ಮರಣೋತ್ತರ ಪರೀಕ್ಷೆಯನ್ನೂ ಮಾಡಿದ್ದರೆ ಎರಡು ಗಿನಿ. ಆ ಪರೀಕ್ಷೆ ತಾನಾಗಿ ನಡೆಯುತ್ತಿರಲಿಲ್ಲ, ಕರೋನರ್ ಆದೇಶಿಸಬೇಕಿತ್ತು. ಸಾವು ಸರಳವಾಗಿ ಕಂಡರೆ ಹೆಣ ಕೊಯ್ಯದೆಯೇ ಇನ್‌ಕ್ವೆಸ್ಟ್ ಮುಗಿಯುತ್ತಿತ್ತು. ಕಾದಂಬರಿ ಓದುವಾಗ ಗಮನಿಸಬೇಕಾದ ಮೊದಲ ಬಿರುಕು ಇದು.

ಎರಡನೆಯ ಬಿರುಕು ಇನ್ನೂ ಮುಂಚಿನದು. ಎಲ್ಲ ಸಾವೂ ಕರೋನರನ ಕಿವಿಗೆ ಬೀಳುತ್ತಿರಲಿಲ್ಲ. ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯ ಮರಣ ಪ್ರಮಾಣಪತ್ರ ಬರೆದುಕೊಟ್ಟರೆ ಮುಗಿಯಿತು, ಹೂಳಬಹುದು. ಪತ್ರ ಬರೆಯುವ ಮುನ್ನ ವೈದ್ಯ ಹೆಣ ನೋಡಲೇಬೇಕೆಂಬ ನಿಯಮ ಇರಲಿಲ್ಲ. 1911ರ ಸೆಪ್ಟೆಂಬರ್ 14ರಂದು ಉತ್ತರ ಲಂಡನ್ನಿನ ಟಾಲಿಂಗ್‌ಟನ್ ಪಾರ್ಕ್‌ನಲ್ಲಿ ಎಲೈಜಾ ಬ್ಯಾರೊ ಎಂಬಾಕೆ ಸತ್ತಾಗ ನಡೆದದ್ದು ಹೀಗೆಯೇ. ವೈದ್ಯರು ಅತಿಸಾರವೆಂದು ಬರೆದುಕೊಟ್ಟರು, ಹೆಣ ನೋಡಲಿಲ್ಲ. ಸಂಬಂಧಿಕರು ಪಟ್ಟು ಹಿಡಿದ ಮೇಲೆ ನವೆಂಬರಿನಲ್ಲಿ ಗೋರಿ ಅಗೆದರು. ದೇಹದಲ್ಲಿ ಸುಮಾರು 2 ಗ್ರೇನ್ ಆರ್ಸೆನಿಕ್ ವಿಷ ಇದೆ ಎಂದು ಸರ್ಕಾರದ ವಿಷತಜ್ಞ ವಿಲಿಯಂ ವಿಲ್‌ಕಾಕ್ಸ್ ಲೆಕ್ಕ ಹಾಕಿದರು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಎರಡು ಗ್ರೇನ್ ಒಬ್ಬರನ್ನು ಕೊಲ್ಲಲು ಸಾಕು. ಆಕೆ ಬಾಡಿಗೆಗಿದ್ದ ಮನೆಯ ಒಡೆಯ ಫ್ರೆಡರಿಕ್ ಸೆಡನ್‌ನನ್ನು ಈ ಕೊಲೆಗಾಗಿ 1912ರ ಏಪ್ರಿಲ್ 18ರಂದು ಗಲ್ಲಿಗೇರಿಸಿದರು. ವಿಷಪ್ರಾಶನದ ಕಥೆಗಳಲ್ಲಿ ಗೋರಿ ಅಗೆಯುವ ದೃಶ್ಯ ಅಷ್ಟು ಸಲ ಬರುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ: ಇನ್‌ಕ್ವೆಸ್ಟ್ ಆಗದೆಯೇ ಹೂಳಿಬಿಟ್ಟಿರುತ್ತಾರೆ.

ಇನ್‌ಕ್ವೆಸ್ಟ್ ನಡೆದೂ ಕೊಲೆ ಕಾಣದೇ ಹೋಗುವುದಕ್ಕೆ ಜಾರ್ಜ್ ಜೋಸೆಫ್ ಸ್ಮಿತ್‌ನ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. 1912ರ ಜುಲೈ 8ರಂದು, ಅವನನ್ನು ಮದುವೆಯಾಗಿದ್ದ ಬೆಸ್ಸಿ ಮಂಡಿ ಅವನ ಹೆಸರಿಗೆ ವಿಲ್ ಬರೆದಳು. ಆಸ್ತಿ ಸುಮಾರು 2,500 ಪೌಂಡ್. ಐದು ದಿನಕ್ಕೆ ಹರ್ನ್ ಬೇ ಊರಿನ ಬಾಡಿಗೆ ಮನೆಯ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಳು. ಅವಳ ಎತ್ತರ 5 ಅಡಿ 7 ಅಂಗುಲ, ತೊಟ್ಟಿಯ ಉದ್ದ 5 ಅಡಿ. ಮೂರ್ಛೆ ರೋಗವಿತ್ತೆಂದು ಗಂಡ ಮೊದಲೇ ವೈದ್ಯರ ಬಳಿ ಹೇಳಿಟ್ಟಿದ್ದ. ಇನ್‌ಕ್ವೆಸ್ಟ್ ಆಯಿತು, ಆಕಸ್ಮಿಕ ಎಂದಿತು. 1913ರ ಡಿಸೆಂಬರಿನಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಅವನ ಮುಂದಿನ ಹೆಂಡತಿ ಆಲಿಸ್ ಬರ್ನ್‌ಹ್ಯಾಂ, 500 ಪೌಂಡ್ ವಿಮೆ. ಅಲ್ಲೂ ತೊಟ್ಟಿ, ಅಲ್ಲೂ ಇನ್‌ಕ್ವೆಸ್ಟ್, ಅಲ್ಲೂ ಆಕಸ್ಮಿಕ. 1914ರ ಡಿಸೆಂಬರ್ 18ರಂದು ಲಂಡನ್ನಿನ ಹೈಗೇಟಿನಲ್ಲಿ ಮತ್ತೊಬ್ಬ ಹೆಂಡತಿ ಮಾರ್ಗರೆಟ್ ಲಾಫ್ಟಿ, 700 ಪೌಂಡ್ ವಿಮೆ. ತೀರ್ಪು ಮತ್ತೆ ಅದೇ.

ಮೂರು ಸಭೆಗಳೂ ತಮ್ಮ ನಾಲ್ಕು ಪ್ರಶ್ನೆ ಕೇಳಿ ಉತ್ತರ ಪಡೆದಿದ್ದವು. ಆದರೆ ಮೂವರು ಕರೋನರುಗಳದು ಬೇರೆ ಬೇರೆ ವ್ಯಾಪ್ತಿ. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣುವ ಏರ್ಪಾಡಿರಲಿಲ್ಲ. ಹರ್ನ್ ಬೇಯಲ್ಲಿ ಸ್ಮಿತ್ ಹೇಳಿಕೊಂಡ ಹೆಸರು ವಿಲಿಯಮ್ಸ್, ಹೈಗೇಟಿನಲ್ಲಿ ಲಾಯ್ಡ್. ಈ ಸಾವಿನಿಂದ ಲಾಭ ಯಾರಿಗೆ ಎಂಬುದು ನಾಲ್ಕು ಪ್ರಶ್ನೆಗಳ ಪಟ್ಟಿಯಲ್ಲೇ ಇಲ್ಲ.

ಕೊನೆಗೆ ಅವನನ್ನು ಹಿಡಿದುಕೊಟ್ಟದ್ದೂ ಇನ್‌ಕ್ವೆಸ್ಟೇ, ಅದು ಬಹಿರಂಗವಾಗಿದ್ದ ಕಾರಣಕ್ಕೆ. ಲಾಫ್ಟಿಯ ಇನ್‌ಕ್ವೆಸ್ಟಿನ ವರದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಬ್ಲ್ಯಾಕ್‌ಪೂಲಿನ ಮನೆಯ ಮಾಲೀಕ, ಆಲಿಸಳ ಸಾವಿನ ಹಳೆಯ ವರದಿಯ ತುಣುಕನ್ನೂ ಜೊತೆಗಿಟ್ಟು 1915ರ ಜನವರಿಯಲ್ಲಿ ಪೊಲೀಸರಿಗೆ ಕಳಿಸಿದ. ಆಲಿಸಳ ತಂದೆಗೂ ಅದೇ ಅನುಮಾನ ಹುಟ್ಟಿತ್ತು. ಎರಡು ಕಾಗದದ ಚೂರುಗಳನ್ನು ಅಕ್ಕಪಕ್ಕ ಇಟ್ಟದ್ದು ಕರೋನರುಗಳಲ್ಲ, ಓದುಗರು. ಇನ್‌ಸ್ಪೆಕ್ಟರ್ ಆರ್ಥರ್ ನೀಲ್ ತನಿಖೆ ನಡೆಸಿದರು, ಶವಪರೀಕ್ಷಾ ತಜ್ಞ ಬರ್ನಾರ್ಡ್ ಸ್ಪಿಲ್ಸ್‌ಬರಿ ಅಗೆದು ತೆಗೆದ ದೇಹಗಳನ್ನು ಪರೀಕ್ಷಿಸಿದರು. 1915ರ ಆಗಸ್ಟ್ 13ರಂದು ಸ್ಮಿತ್‌ನನ್ನು ಗಲ್ಲಿಗೇರಿಸಿದರು.

ತೀರ್ಪಿನ ಮಾತುಗಳನ್ನೂ ತೂಗಿ ಓದಬೇಕು. ಮಿಸ್‌ಅಡ್ವೆಂಚರ್ ಎಂದರೆ ಆಕಸ್ಮಿಕ. ಓಪನ್ ವರ್ಡಿಕ್ಟ್ ಎಂದರೆ ಸಾಕ್ಷ್ಯ ಸಾಲದು, ಕಾರಣ ಹೇಳಲಾಗದು. ಪೊಲೀಸರ ಕೈ ಕಟ್ಟಿದಂತೇನಲ್ಲ. ಆತ್ಮಹತ್ಯೆಯಾದರೆ ಜ್ಯೂರಿ ಹೆಚ್ಚಾಗಿ 'ಬುದ್ಧಿ ಸ್ಥಿಮಿತದಲ್ಲಿ ಇಲ್ಲದಾಗ' ಎಂದು ಸೇರಿಸುತ್ತಿತ್ತು. ಆತ್ಮಹತ್ಯೆ 1961ರವರೆಗೂ ಅಲ್ಲಿ ಅಪರಾಧವಾಗಿದ್ದರಿಂದ, ಉಳಿದವರನ್ನು ಕಳಂಕದಿಂದ ಕಾಪಾಡುವ ಕರುಣೆ ಆ ಮಾತಿನಲ್ಲಿತ್ತು. 'ಅಜ್ಞಾತ ವ್ಯಕ್ತಿ ಅಥವಾ ವ್ಯಕ್ತಿಗಳಿಂದ ಉದ್ದೇಶಪೂರ್ವಕ ಕೊಲೆ' ಎಂಬುದು ಕಾದಂಬರಿಗಳಿಗೆ ಪ್ರಿಯವಾದ ತೀರ್ಪು, ಪತ್ತೇದಾರನಿಗೆ ದಾರಿ ಬಿಟ್ಟುಕೊಡುವುದರಿಂದ. ಜ್ಯೂರಿ ಕೊಲೆಗಾರನ ಹೆಸರನ್ನೇ ಹೇಳಿಬಿಟ್ಟರೆ ಕಥೆ ಬೇರೆ: ಕರೋನರ್ ವಾರಂಟ್ ಹೊರಡಿಸಿ ಆತನನ್ನು ನೇರವಾಗಿ ಮೇಲಿನ ಕೋರ್ಟಿನ ವಿಚಾರಣೆಗೆ ಒಪ್ಪಿಸಬಹುದಿತ್ತು. ಆರೋಪಿಯಲ್ಲದ, ತನ್ನ ಪರ ವಾದಿಸಲು ಹಕ್ಕಿಲ್ಲದ ಮನುಷ್ಯನ ಕೊರಳಿಗೆ ಊರ ಜನರ ಅನುಮಾನ ಸುತ್ತಿಕೊಳ್ಳುವ ಈ ಏರ್ಪಾಡು ಅನ್ಯಾಯದ್ದೇ. ಈ ಅಧಿಕಾರ 1977ರಲ್ಲಿ ಹೋಯಿತು.

ಕಥೆ ಯಾವ ವರ್ಷದ್ದು ಎಂದು ನೋಡಿಕೊಳ್ಳುವುದೂ ಮುಖ್ಯ. 1926ರ ತಿದ್ದುಪಡಿ ಕಾಯ್ದೆ ಜ್ಯೂರಿಯನ್ನು 7ರಿಂದ 11ಕ್ಕೆ ಇಳಿಸಿತು, ಅವರೆಲ್ಲ ಹೆಣ ನೋಡಲೇಬೇಕೆಂಬ ಕಡ್ಡಾಯ ತೆಗೆಯಿತು. ಕೊಲೆಯ ಆರೋಪದಲ್ಲಿ ಒಬ್ಬನ ಮೇಲೆ ಮೊಕದ್ದಮೆ ಹೂಡಿದ್ದರೆ ಇನ್‌ಕ್ವೆಸ್ಟನ್ನು ಮುಂದೂಡಬೇಕು ಎಂದಿತು. ಅದಕ್ಕೆ ಮುಂಚೆ ಒಬ್ಬನೇ ಆರೋಪಿಯ ಕುರಿತು ಇನ್‌ಕ್ವೆಸ್ಟಿನಲ್ಲಿ ಒಮ್ಮೆ, ಮ್ಯಾಜಿಸ್ಟ್ರೇಟರ ಎದುರು ಒಮ್ಮೆ, ಕೊನೆಗೆ ಕೋರ್ಟಿನಲ್ಲಿ ಒಮ್ಮೆ ಅದೇ ಸಾಕ್ಷಿಗಳು ಅದೇ ಕಥೆ ಹೇಳುತ್ತಿದ್ದರು.

ಕಥೆ ಎಡಿನ್‌ಬರೋದಲ್ಲೋ ಗ್ಲಾಸ್ಗೋದಲ್ಲೋ ನಡೆದು ಅಲ್ಲೊಬ್ಬ ಕರೋನರ್ ಕಾಣಿಸಿಕೊಂಡರೆ ಲೇಖಕರು ಎಡವಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಕರೋನರ್ ಇಲ್ಲ. ಅನುಮಾನದ ಸಾವನ್ನು ಅಲ್ಲಿ ವಿಚಾರಿಸುವವನು ಪ್ರೊಕ್ಯುರೇಟರ್ ಫಿಸ್ಕಲ್ ಎಂಬ ಸರ್ಕಾರಿ ವಕೀಲ, ಅದೂ ಮುಚ್ಚಿದ ಬಾಗಿಲ ಹಿಂದೆ.